ಪಕ್ಕೀರಮ್ಮನ ಹೊಲದ ಜೋಳ

ಕೂಡ್ಲಿಗಿ, ೧೯೮೧

ಅವ್ವಾ,

ನೀನು ಹೋದಮೇಲೆ ಮೊದಲ ಸಲ ನಿನ್ನೆ ನಮ್ಮ ವಂಶಾವಳಿ ಹೇಳುವ ಹೆಳವ ಬಂದ. ನನ್ನ ಮಗಳನ್ನು ನೋಡಲು ಬಂದಿದ್ದ ಗಂಡಿನವರು ಪಡಸಾಲೆಯಲ್ಲೇ ಕೂತಿದ್ದರು. ಅವನ ಚೀಲಕ್ಕೆ ಒಂದು ಮೊರ ಜೋಳ ಸುರಿದೆ. ಅವನು ಶುರುಮಾಡಿದ: "ನಿಮ್ಮ ಮುತ್ತಜ್ಜನ ತಾಯಿ ಪಕ್ಕೀರಮ್ಮ. ಗಂಡುಮಕ್ಕಳಿಲ್ಲದ ಮನಿಗೆ ದೇವರಿಗೆ ಬಿಟ್ಟ ಬಸವಿಯಾಗಿ, ಮದಿವಿ ಇಲ್ದ ಮಗನಂಗ ನಿಂತು ಹೊಲ ಉಳಿಸಿದಾಕಿ..."

ನೀನಾಗಿದ್ದರೆ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿ ಕೈಮುಗಿಯುತ್ತಿದ್ದೆ. ನಾನು ಗಂಡಿನವರ ಮುಖ ನೋಡಿ, "ಆಕಿ ನಮ್ಮ ಮನಿಯಾಕಿ ಅಲ್ಲ ಬಿಡಪ, ಬ್ಯಾರೆ ಮನಿದು ಹೇಳಾಕತ್ತಿ," ಎಂದುಬಿಟ್ಟೆ.

ಹೆಳವ ಚೀಲದ ಜೋಳವನ್ನು ಮೊರಕ್ಕೆ ಮರಳಿ ಸುರಿದ. "ಹಂಗಾರ ಈ ಜ್ವಾಳನೂ ಬ್ಯಾರೆ ಮನಿದಾತು. ಆಕಿ ಹೊಲದಾಗ ಬೆಳದದ್ದಲ್ಲೇನ್ರಿ?"

ಗಂಡಿನವರು ಸಂಬಂಧ ಒಪ್ಪಿಕೊಂಡು ಹೋದರು. ಆ ಜೋಳವನ್ನು ಗಿರಣಿಗೆ ಹಾಕಿಸಿ ಇವತ್ತು ಮನೆಯಲ್ಲಿ ರೊಟ್ಟಿ ಬಡಿದರು.

ನಾನೂ ಉಂಡೆ, ಅವ್ವಾ.