ಚಿತ್ರದಲ್ಲಿ ಇಲ್ಲದ ಕೈ

ಗದಗ
ಫೆಬ್ರವರಿ ೩೦, ೨೧೮೮

ಗದಗ, ಲುಬ್ಲಿನ್, ರೆಸಿಫೆ ಎಂಬ ಮೂರು ಊರುಗಳಲ್ಲಿ ಒಂದೇ ಚಿತ್ರವನ್ನು ಎದುರಿಗಿಟ್ಟುಕೊಂಡು ಸಾಫ್ಟ್‌ವೇರ್ ಪರೀಕ್ಷಿಸುತ್ತಿರುವ ಹಿರಿಯರಿಗೆ, ನಿಮ್ಮ ನಂತರ ಎಷ್ಟೋ ತಲೆಮಾರು ದಾಟಿ ಅದೇ ಕೆಲಸ ಮಾಡುತ್ತಿರುವ ಇಂದುಮತಿ ಕಟಗೇರಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿ ಬಂದಾಗಲೆಲ್ಲ ಯಂತ್ರಗಳ ಲೆಕ್ಕ ತಪ್ಪುತ್ತಿತ್ತಂತೆ, ಅದಕ್ಕೆ ಮನುಷ್ಯರು ಕ್ಯಾಲೆಂಡರನ್ನೇ ತಿದ್ದಿಕೊಂಡರು. ಯಂತ್ರಕ್ಕೆ ಹೊಂದಲೆಂದು ನಾವು ತಿದ್ದಿಕೊಂಡದ್ದು ಅದೊಂದೇ ಅಲ್ಲ, ಆ ಇನ್ನೊಂದನ್ನು ಹೇಳಲಿಕ್ಕೇ ಈ ಕಾಗದ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇದು ನಿಮಗೆ ತಲುಪುವುದು ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ. ಬಹಳ ಜನ ತಮ್ಮ ಮನೆತನದ ಹಿರಿಯರಿಗೆ ಬರೆಯುತ್ತಾರೆ. ನನ್ನ ಪಕ್ಕದ ಮನೆಯಾಕೆ ಗಂಡನ ಮುತ್ತಜ್ಜಿಗೆ ಬರೆದು, ಮಕ್ಕಳನ್ನು ಸ್ವಲ್ಪ ಬಿಗಿಯಾಗಿ ಬೆಳೆಸಿ ತಾಯೀ ಎಂದು ಬೇಡಿಕೊಂಡಳು. ಗಂಡ ಹಾಗೇ ಇದ್ದಾನೆ. ಆದ್ದರಿಂದ ಈ ಅಂಚೆಯ ಮೇಲೆ ನನಗೆ ಅಂಥ ಭರವಸೆಯೇನೂ ಇಲ್ಲ, ಆದರೂ ಬರೆಯದೆ ಇರಲಾರೆ.

ನಾನು ಒರೆಗಾರ್ತಿ. ನೀವು ಟೆಸ್ಟರ್ ಅನ್ನುವುದನ್ನು ನಾವು ಹೀಗೆ ಅನ್ನುತ್ತೇವೆ. ನನಗೆ ಕೆಲಸ ಕಲಿಸಿದವರು ಮೆಹರುನ್ನಿಸಾ ಕಿಲ್ಲೇದಾರ ಅಕ್ಕೋರು. ನಿಮ್ಮ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಒಂದು ಊರಿನವರು ಪುಟಗಟ್ಟಲೆ ಬರೆದು ಕಳಿಸಿದ ವಿವರವನ್ನು ಇನ್ನೊಂದು ಊರಿನವರು ತಮಗೆ ತಿಳಿದಂತೆ ಓದಿಕೊಳ್ಳುತ್ತಿದ್ದರಂತೆ. ಗದಗಿನಲ್ಲಿ ಪರೀಕ್ಷಿಸಿದ್ದನ್ನೇ ಲುಬ್ಲಿನ್ನಿನಲ್ಲಿ ಮತ್ತೆ ಪರೀಕ್ಷಿಸುವುದು, ಯಾರೂ ಮುಟ್ಟದೆ ಉಳಿದದ್ದನ್ನು ರೆಸಿಫೆಯವರು ನೋಡಿರುತ್ತಾರೆಂದು ಎಲ್ಲರೂ ನಂಬುವುದು, ಕೊನೆಗೆ ಗಿರಾಕಿಯ ಕೈಯಲ್ಲಿ ಅದು ಕೆಡುವುದು. ಆಗ ನೀವು ಬರಹ ಬದಿಗಿಟ್ಟು ಚಿತ್ರ ಬರೆದಿರಿ. ಸಾಫ್ಟ್‌ವೇರು ಇರಬಹುದಾದ ಒಂದೊಂದು ಸ್ಥಿತಿಗೆ ಒಂದೊಂದು ದುಂಡು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಬಾಣ. ಬಾಣ ಹಿಡಿದು ನಡೆದರೆ ಅದೇ ಒಂದು ಪರೀಕ್ಷೆ. ನಡೆಯದ ಬಾಣ ಕೆಂಪು, ನಡೆದದ್ದು ಹಸಿರು. ಮೂರು ಊರಿನವರೂ ಒಂದೇ ಚಿತ್ರ ನೋಡಿದಿರಿ, ಜಗಳ ನಿಂತಿತು. ಇದು ಸಣ್ಣ ಉಪಕಾರವಲ್ಲ. ನಿಮ್ಮ ಮೇಲೆ ಆಪಾದನೆ ಹೊರಿಸಲು ಕೂತಿದ್ದೇನೆಂದು ದಯವಿಟ್ಟು ತಿಳಿಯಬೇಡಿ.

ನಿಮ್ಮಲ್ಲಿ ಇನ್ನೊಂದು ರೂಢಿ ಇತ್ತು. ಅದಕ್ಕೆ ನೀವು ಹೆಸರಿಟ್ಟಿರಲಿಲ್ಲ, ನಾವು ಕೇಳುಗೆರೆ ಅನ್ನುತ್ತೇವೆ. ಯಾರಿಗಾದರೂ ಅನುಮಾನ ಬಂದರೆ, ಇಲ್ಲಿಂದ ಬೇರೆಲ್ಲಿಗಾದರೂ ದಾರಿ ಇರಬಹುದೇ ಎಂದು ತೋರಿದರೆ, ಒಂದು ದುಂಡಿನಿಂದ ಖಾಲಿ ಜಾಗದ ಕಡೆಗೆ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ ಎಳೆದು ಬಿಡುತ್ತಿದ್ದಿರಿ. ಮುಂದಿನ ಪಾಳಿಯ ಊರಿನವರು ಅದನ್ನು ನೋಡಿದರೆ ಫೋನು ಮಾಡಿ ಕೇಳದೆ ಅಳಿಸುವಂತಿರಲಿಲ್ಲ. ಬರೆದು ಕೇಳಿದರೆ ಆಗದು, ಬಾಯಿಬಿಟ್ಟೇ ಕೇಳಬೇಕು. ಹಾಗೆ ಕೇಳಲು ಹೋಗಿ ನೀವು ಮದುವೆ, ಮುಂಜಿವೆ, ಅತ್ತೆಯ ಕಾಟ, ಅಡುಗೆ, ಎಲ್ಲ ಹರಟುತ್ತಿದ್ದಿರಂತೆ. ಅಕ್ಕೋರು ಇದನ್ನು ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಾನು ಹುಟ್ಟುವ ಎಷ್ಟೋ ಮೊದಲೇ ಕೇಳುಗೆರೆ ನಿಂತುಹೋಯಿತು. ಯಾರೋ ಕೇಡಿಗರು ನಿಲ್ಲಿಸಿದ್ದಲ್ಲ. ಚುಕ್ಕಿಗೆರೆ ಇದ್ದರೆ ಚಿತ್ರ ಪೂರ್ತಿ ಹಸಿರಾಗುವುದಿಲ್ಲ, ಮೇಲಿನವರಿಗೆ ಹಸಿರು ಬೇಕು, ಗೆರೆ ತೆಗೆದರೆ ಹಸಿರು. ಇಷ್ಟೇ. ಈಗ ನಮ್ಮದು ಮೌನಪಾಳಿ. ಬೆಳಿಗ್ಗೆ ನಾನು ಗೋಡೆಯ ನಳದಿಂದ ಚಹಾ ಹಿಡಿದುಕೊಂಡು, ಕಿಟಕಿಯಲ್ಲಿ ಕಪ್ಪತಗುಡ್ಡದ ಗಾಳಿಗಿರಣಿಗಳನ್ನು ಒಂದು ಗಳಿಗೆ ನೋಡಿ, ಚಿತ್ರ ತೆರೆಯುತ್ತೇನೆ. ಲುಬ್ಲಿನ್ನಿನವರು ಹಸಿರು ಮಾಡಿ ಬಿಟ್ಟಲ್ಲಿಂದ ಮುಂದೆ ಹಸಿರು ಮಾಡುತ್ತೇನೆ. ಸಂಜೆ ಮುಚ್ಚಿ, ಯಂತ್ರ ಬಡಿದ ರೊಟ್ಟಿ ತಿಂದು ಮಲಗುತ್ತೇನೆ. ಯಾರೊಂದಿಗೂ ಮಾತಿಲ್ಲ. ಲುಬ್ಲಿನ್ನಿನಲ್ಲಿ ನನ್ನ ಜೊತೆಗಾರರೊಬ್ಬರಿದ್ದಾರೆ. ಅವರ ಗುರುತಿನ ಬಣ್ಣ ನೀಲಿ, ಹಾಗಾಗಿ ನೀಲಿ ಅನ್ನುತ್ತೇನೆ. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಜೊತೆಗಿದ್ದೇವೆ. ನೀಲಿ ಗಂಡಸೋ ಹೆಂಗಸೋ ನನಗೆ ಗೊತ್ತಿಲ್ಲ.

ಇನ್ನು ನಡೆಪಟ್ಟಿಯ ವಿಷಯ. ಅದು ವಯಸ್ಸಾದವರು ಸೊಂಟಕ್ಕೂ ಕಾಲಿಗೂ ಕಟ್ಟಿಕೊಳ್ಳುವ ಪಟ್ಟಿ. ಏಳಬೇಕೆಂದು ಮನಸ್ಸು ಮಾಡಿದರೆ ಎಬ್ಬಿಸುತ್ತದೆ, ನಡೆಸುತ್ತದೆ, ಬೀಳುವಂತಾದರೆ ಗಟ್ಟಿಯಾಗಿ ಬಿಗಿದುಕೊಂಡು ತಡೆಯುತ್ತದೆ. ಅದರ ಚಿತ್ರದಲ್ಲಿ ಕೂತ ಸ್ಥಿತಿ, ನಿಂತ ಸ್ಥಿತಿ, ನಡೆವ ಸ್ಥಿತಿ, ಬೀಳುವ ಸ್ಥಿತಿ ಎಲ್ಲವೂ ಇದ್ದವು. ಅಕ್ಕೋರು ಆಗ ಗದಗಿನ ತಂಡದಲ್ಲಿದ್ದರು. ಚಿತ್ರವನ್ನು ಬೆರಳಿಟ್ಟು ನೋಡುತ್ತ ಅವರು ಕೇಳಿದರಂತೆ, "ಅಲ್ರೀ, ಕುಂತವ್ರನ್ನ ಯಾರರ ಕೈ ಹಿಡದು ಎಬ್ಬಿಸಿದ್ರ ಈ ಪಟ್ಟಿ ಏನ್ ಮಾಡತೈತಿ?" ತಂಡದ ಮುಖ್ಯಸ್ಥರು ಒಳ್ಳೆಯವರೇ. ಅವರೂ ನೋಡಿ ಹೇಳಿದರಂತೆ, "ಅಕ್ಕೋರ, ಆ ಬಾಣಾನ ಚಿತ್ರದಾಗ ಇಲ್ರೀ. ಇಲ್ಲದ್ದಕ್ಕ ಟೆಸ್ಟ್ ಹ್ಯಾಂಗ್ ಬರೀಲಿ?" ಮೂರೂ ಊರಿನವರು ಒಪ್ಪಿದ ಚಿತ್ರ ಅದು. ಬೇರೆಯವರು ಯೋಚಿಸಿಯೇ ಬಿಟ್ಟಿರುತ್ತಾರೆಂದು ಗದಗಿನವರು ಸುಮ್ಮನಾದರು. ನೀವು ಬರಹದ ಕಾಲದಲ್ಲಿ ಮಾಡಿದ ತಪ್ಪೇ ಅದು, ಈಗ ಚಿತ್ರದಲ್ಲಿ ಮಾಡಿದರು. ಚುಕ್ಕಿಗೆರೆ ಎಳೆಯಲು ಜಾಗವಿದ್ದಿದ್ದರೆ ಅಕ್ಕೋರು ಎಳೆಯುತ್ತಿದ್ದರು. ಮರುದಿನ ಯಾರೋ ಫೋನು ಮಾಡುತ್ತಿದ್ದರು.

ನನ್ನನ್ನು ಸಾಕಿದವಳು ನನ್ನ ದೊಡ್ಡವ್ವ ನೀಲಗಂಗವ್ವ, ಅವ್ವನ ಅಕ್ಕ. ದೊಡ್ಡಪ್ಪನಿಗೂ ಅವಳಿಗೂ ಒಂದು ಆಟವಿತ್ತು. ಮದುವೆಮನೆಯಲ್ಲಿ ಪಂಕ್ತಿಯ ಊಟ ಮುಗಿದರೂ ಅವಳು ಏಳದೆ ಕೂತು ಮಾತಾಡುತ್ತಿದ್ದಳು. ದೊಡ್ಡಪ್ಪ ಎದುರಿಗೆ ಬಂದು ಕೈ ಚಾಚಿ, "ಏಳಬೇ ಮಹಾರಾಣಿ, ಎಲಿ ಎತ್ತಾವ್ರು ಬಂದ್ರು, ನಿನ್ನೂ ಎತ್ಕೊಂಡ ಹೋಗ್ತಾರ" ಅನ್ನುತ್ತಿದ್ದ. ಅವಳು ನಗುತ್ತ ಆ ಕೈ ಹಿಡಿದು ಏಳುತ್ತಿದ್ದಳು. ಮಂಡಿನೋವಿಗೆಂದು ಅವಳಿಗೆ ಹೊಸದಾಗಿ ನಡೆಪಟ್ಟಿ ಕಟ್ಟಿದ ವರ್ಷ ನನ್ನ ಸೋದರಮಾವನ ಮದುವೆ. ನಾನಾಗ ಸಣ್ಣವಳು, ಅವಳ ಪಕ್ಕದ ಎಲೆಯಲ್ಲೇ ಕೂತಿದ್ದೆ. ದೊಡ್ಡಪ್ಪ ಎಂದಿನಂತೆ ಬಂದ, ಅದೇ ಮಾತು ಅಂದ, ಕೈ ಹಿಡಿದು ಮೇಲೆತ್ತಿದ. ತಾನು ಎತ್ತದೆಯೇ ಮೈ ಮೇಲೇಳುತ್ತಿರುವುದು ಹೇಗೆಂದು ಪಟ್ಟಿಗೆ ತಿಳಿಯಲಿಲ್ಲ. ಅದರ ಚಿತ್ರದಲ್ಲಿ ಇದ್ದವಳು ಒಬ್ಬಳೇ, ಇನ್ನೊಬ್ಬರ ಕೈ ಇರಲಿಲ್ಲ. ಬೀಳುತ್ತಿದ್ದಾಳೆಂದು ತಿಳಿದು ಒಮ್ಮೆಲೇ ಬಿಗಿದುಕೊಂಡಿತು. ಸೊಂಟದ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು.

ಅವಳು ಬದುಕಿದಳು. ದೊಡ್ಡಪ್ಪ ಮಾತ್ರ ಸಾಯುವವರೆಗೂ ಅವಳನ್ನು ಮುಟ್ಟಲಿಲ್ಲ. ಚಹಾದ ಲೋಟವನ್ನೂ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ.

ಪಟ್ಟಿಯ ಕಂಪನಿಯವರು ವಿಚಾರಣೆ ನಡೆಸಿದರು. ಚಿತ್ರ ತೆಗೆದು ನೋಡಿದರೆ ಎಲ್ಲ ಹಸಿರು. ಒಂದು ಬಾಣ ಸೇರಿಸಬೇಕೆಂದರೆ ಅದಕ್ಕೆ ತಗುಲಿಕೊಂಡ ನೂರಾರು ಬಾಣಗಳು ಮತ್ತೆ ಕೆಂಪಾಗುತ್ತವೆ, ಎಲ್ಲ ಊರುಗಳಲ್ಲೂ ಮೊದಲಿನಿಂದ ಪರೀಕ್ಷೆ ಆಗಬೇಕು. ಅದಕ್ಕಿಂತ ಜನರಿಗೆ ಹೇಳುವುದು ಸುಲಭವೆಂದು ಕಂಡಿತು. ಪಟ್ಟಿ ಕಟ್ಟಿದವರ ಕೈ ಯಾರೂ ಹಿಡಿಯಬಾರದೆಂದು ಸೂಚನೆ ಬಂತು. ಸೂಚನೆ ಕಾನೂನಾಯಿತು, ಕಾನೂನು ಶಾಲೆಯ ಪಾಠವಾಯಿತು. ಅದಕ್ಕೆ ಹಿಂಗೈ ಪಾಠ ಅನ್ನುತ್ತೇವೆ. ಅಜ್ಜಿಯೋ ಅಜ್ಜನೋ ಏಳತೊಡಗಿದರೆ ಮಕ್ಕಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ನಾನೂ ಕಲಿತೆ, ಶಾಲೆಗೆ ಮೊದಲಿಗಳಾಗಿ ಬಹುಮಾನವನ್ನೂ ತಂದೆ. ಈಗ ನಮ್ಮಲ್ಲಿ ಚಾಪೆಯಿಲ್ಲ, ಪಂಕ್ತಿಯಿಲ್ಲ, ನೆಲದ ಮೇಲೆ ಕೂತ ಮುದುಕರನ್ನು ಕಾಣುವುದೇ ಇಲ್ಲ. ಎಲ್ಲರೂ ಸುರಕ್ಷಿತ. ಮಾವನ ಮದುವೆಯ ನಂತರ ಹಾಗೆ ಯಾರ ಮೂಳೆಯೂ ಮುರಿದಿಲ್ಲ, ನಿಜ ಹೇಳಬೇಕು. ಆದರೆ ನಾವು ಬದುಕಿಗೆ ತಕ್ಕಂತೆ ಚಿತ್ರವನ್ನು ತಿದ್ದಲಿಲ್ಲ, ಚಿತ್ರಕ್ಕೆ ತಕ್ಕಂತೆ ಬದುಕನ್ನು ತಿದ್ದಿದೆವು.

ಈಗ ಅದೇ ನಡೆಪಟ್ಟಿಯ ಚಿತ್ರ ನನ್ನ ಪಾಳಿಗೆ ಬಂದಿದೆ. ಕಳೆದ ವಾರ ಬೆಳಿಗ್ಗೆ ಅದನ್ನು ತೆರೆದಾಗ, ಕೂತ ಸ್ಥಿತಿಯ ದುಂಡಿನಿಂದ ಹೊರಟು ಖಾಲಿ ಜಾಗದಲ್ಲಿ ನಿಂತ ಒಂದು ಚುಕ್ಕಿಗೆರೆ ಕಂಡಿತು. ನೀಲಿ ಬಣ್ಣದ್ದು. ನಾನು ಚಹಾ ಕೆಳಗಿಡುವಷ್ಟರಲ್ಲಿ ಯಂತ್ರ ಅದನ್ನು ಅಳಿಸಿಬಿಟ್ಟಿತು. ಹಾಗಾದರೆ ಲುಬ್ಲಿನ್ನಿನಲ್ಲೂ ಯಾರೋ ಮುದುಕರು ಕೂತಿದ್ದಾರೆ, ಯಾರದೋ ಕೈಗಾಗಿ ಕಾಯುತ್ತಿದ್ದಾರೆ. ಫೋನು ಮಾಡಿ ಕೇಳೋಣವೆಂದರೆ ನನ್ನ ಹತ್ತಿರ ಒಂದು ಬಣ್ಣವಿದೆ, ಹೆಸರಿಲ್ಲ, ನಂಬರಿಲ್ಲ. ಅವತ್ತಿಡೀ ಕೆಲಸ ಮಾಡಲಾಗಲಿಲ್ಲ. ಹಿಂದಂಚೆಗೆ ಅರ್ಜಿ ಹಾಕಿದ್ದು ಅದೇ ಸಂಜೆ.

ದೊಡ್ಡವ್ವ ಈಗ ತೀರ ಹಣ್ಣಾಗಿದ್ದಾಳೆ. ಇನ್ನು ಬಹಳ ದಿನ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ, ಅವಳಿಗೂ ಗೊತ್ತು. ಇವತ್ತು ಊಟವಾದ ಮೇಲೆ ಕರೆದಳು. "ಇಂದೂ, ಈ ಪಟ್ಟಿ ಬಿಚ್ಚವಾ. ಒಂದ್ಸಲ ನೆಲದ ಮ್ಯಾಲ ಕೂಡ್ರತೀನಿ" ಅಂದಳು. ಬಿಚ್ಚಿದೆ. ಮಂಚದ ಅಂಚು ಹಿಡಿದು, ಗೋಡೆಗೆ ಆತುಕೊಂಡು, ಮೆಲ್ಲಗೆ ತಾನೇ ಇಳಿದು ಕೂತಳು. ಸೆರಗು ಸರಿಮಾಡಿಕೊಂಡಳು. ದೊಡ್ಡಪ್ಪನ ಎಲೆ ಎತ್ತುವ ಮಾತನ್ನು ತಾನೇ ಅಂದು ನಕ್ಕಳು. ಆಮೇಲೆ ನನ್ನ ಕಡೆಗೆ ಕೈ ಚಾಚಿದಳು.

ನನ್ನ ಕೈ ಮುಂದೆ ಬರಲಿಲ್ಲ. ಪಟ್ಟಿ ಅವಳ ಮೈಮೇಲಿಲ್ಲ, ನನ್ನ ಕೈಯಾರೆ ಬಿಚ್ಚಿಟ್ಟಿದ್ದೇನೆ, ಅಪಾಯವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಎರಡೂ ಕೈ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡಿದ್ದವು. "ಹಿಡಿಯವಾ, ಯಾಕ ಹಂಗ ನಿಂತಿ?" ಅಂದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಾಚಿದ ಕೈಯನ್ನು ನೆಲದ ಮೇಲಿಟ್ಟು, "ಇರ್ಲಿ ಬಿಡು, ನೆಲ ತಂಪೈತಿ, ಇನ್ನೊಂದೀಟು ಕುಂದರತೀನಿ" ಅಂದಳು. ನನಗೆ ನಾಚಿಕೆಯಾಗಬಾರದೆಂದು ಹಾಗಂದಳು. ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಚಿತ್ರ ಇರಲಿ, ಹಸಿರೂ ಇರಲಿ. ಆ ಚುಕ್ಕಿಗೆರೆಯನ್ನು ಮಾತ್ರ ಬಿಡಬೇಡಿ. ಅದಕ್ಕೊಂದು ಹೆಸರಿಡಿ, ಚಿತ್ರದ ನಿಯಮಗಳಲ್ಲಿ ಸೇರಿಸಿ, ಯಾವ ಅವಸರದಲ್ಲೂ ಕೇಳದೆ ಅಳಿಸದ ಹಾಗೆ ಮಾಡಿ. ಲುಬ್ಲಿನ್ನಿನವರ ಹೆಸರು ಕೇಳಿಟ್ಟುಕೊಳ್ಳಿ. ರೆಸಿಫೆಯಲ್ಲಿ ಮುದುಕರನ್ನು ಹೇಗೆ ಎಬ್ಬಿಸುತ್ತಾರೆಂದು ಒಮ್ಮೆ ವಿಚಾರಿಸಿ. ಇದರಿಂದ ನನ್ನ ದೊಡ್ಡಪ್ಪನಿಗೆ ಏನಾದರೂ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ತಿಳಿಯದು, ಪಕ್ಕದ ಮನೆಯವಳ ಗಂಡನನ್ನು ನೋಡಿದರೆ ಧೈರ್ಯ ಬರುವುದಿಲ್ಲ.

ಇನ್ನೂ ಬರೆಯುವುದಿತ್ತು. ದೊಡ್ಡವ್ವ ಮತ್ತೆ ಕೈ ಚಾಚಿದ್ದಾಳೆ. ಬರೆಯುತ್ತಿರುವುದರಿಂದ ನನ್ನ ಬಲಗೈ ಈಗ ಬೆನ್ನ ಹಿಂದೆ ಇಲ್ಲ, ಮುಂದೇ ಇದೆ. ಪೆನ್ನು ಕೆಳಗಿಡುತ್ತೇನೆ.