ಎಡಕ್ಕೆ ಬಿದ್ದ ಹೂವು

ಮೇಲವಂಕಿ
ರವಿವಾರ, ೧೦ ಆಗಸ್ಟ್ ೨೦೨೫

ಸಪ್ನಾಳ ಅಪ್ಪನವರಿಗೆ, ಬೇವಿನಗಿಡದ ತಾಯಿಯ ಗುಡಿಯಲ್ಲಿ ಕುಳಿತು ಕಸ್ತೂರಿ ಮಾಡುವ ಶರಣು.

ನಿಮ್ಮ ಫೋನು ಬಂದ್ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಯಲ್ಲವ್ವ ನಾಳೆ ಮೂಡಲಗಿಗೆ ಬರುವವಳು, ನಿಮ್ಮ ಅಕ್ಕನ ಮನೆಗೆ ಈ ಪತ್ರ ಮುಟ್ಟಿಸುತ್ತಾಳೆ. ನೀವು ಹೋದಾಗಿನಿಂದ ಪೂಜೆ, ದೀಪ ಎಲ್ಲ ನನ್ನ ಕೈಯಲ್ಲೇ ನಡೆದಿದೆ. ಅಲ್ಲಿ ಸಜ್ಜಿ ರೊಟ್ಟಿ ಬಹಳ ತಿನ್ನಬೇಡಿ, ನಿಮಗೆ ಉಷ್ಣವಾಗುತ್ತದೆ.

ಹೂವು ಕೇಳಲು ಈಗ ಯಾರೂ ಬರುತ್ತಿಲ್ಲ. ಬೋರು ಕೊರೆಸುವುದಿರಲಿ, ಕನ್ಯೆ ನೋಡುವುದಿರಲಿ, ತಾಯಿಯ ಎರಡೂ ಭುಜಕ್ಕೆ ತೊಯ್ದ ಎಸಳು ಅಂಟಿಸಿ, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ ಎಂದು ತಿಳಿದು ನಡೆದ ಜನ ಇದು. ಮೊನ್ನೆ ಗುಡ್ಡವ್ವ ಮಗಳ ಸಂಬಂಧ ಕೇಳಲು ಕಟ್ಟೆಯವರೆಗೆ ಬಂದು, ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಳ್ಳಿ ಹೋದಳು. ಹುಕ್ಕೇರಿ ಕಡೆಯ ದೇವರಿಗೆ ಹೋದರಂತೆ. ನಳದ ಹತ್ತಿರ ರಾಜಪ್ಪನ ಹೆಂಡತಿ ಎಲ್ಲರೆದುರು, “ನಿಮ್ಮ ತಾಯಿಗಿ ಹೊಲಾ ಮನಿ ತಿಳಿತೈತಿ, ಚೆಂಡಿನಾಟ ತಿಳಿಯೂದಿಲ್ಲ ನೋಡಬೇ ಕಸ್ತೂರಿ. ನಮ್ಮ ಎಮ್ಮಿ ನುಂಗಿದ್ಲು” ಎಂದಳು. ಜನ ನಕ್ಕರು. ನನಗೆ ಬೈದಿದ್ದರೆ ಕೊಡ ಎತ್ತಿಕೊಂಡು ಸುಮ್ಮನೆ ಬರುತ್ತಿದ್ದೆ. ತಾಯಿಗೆ ಅಂದಳು.

ಆ ಆಟ ನಾನೂ ನಿಮ್ಮ ಫೋನಿನಲ್ಲಿ ನೋಡಿದ್ದೇನೆ. ಟೇಬಲ್ ಟೆನಿಸ್ ಅಂದಿರಿ. ಯಾವುದೋ ದೇಶದ ಇಬ್ಬರು, ಆಡುವುದೇ ಅವರ ದುಡಿಮೆ. ಒಬ್ಬನಿಗೆ ಕೆಂಪಂಗಿ, ಒಬ್ಬನಿಗೆ ನೀಲಿ. ಅವರ ಹೆಸರು ನಿಮ್ಮ ನಾಲಿಗೆಗೇ ಹೊರಳುತ್ತಿರಲಿಲ್ಲ, ಅವರ ಮೇಲೆ ಬಾಜಿ. ನೀವು ಸೋತದ್ದು ನಿಮ್ಮ ಪಾಡು. ಆದರೆ ಕೆಂಪಂಗಿಯವನು ಗೆಲ್ಲುತ್ತಾನೋ ಎಂದು ತಾಯಿಗೆ ಹೂವಿಟ್ಟು ಕೇಳಿದಿರಲ್ಲ.

ನಾನು ಬತ್ತಿ ಹೊಸೆಯುತ್ತ ಅಲ್ಲೇ ಕುಳಿತಿದ್ದೆ. ಎಡಕ್ಕೆ ಬಿತ್ತು. “ನೀರ ಕಡಿಮಿ ಆಗಿತ್ತು” ಎಂದು ಆ ಎಸಳನ್ನೇ ಎತ್ತಿ ಮತ್ತೆ ಅಂಟಿಸಿದಿರಿ. ಒಮ್ಮೆ ಆದ ಅಪ್ಪಣೆಯನ್ನು ತಿರುಗಿ ಕೇಳಬಾರದು ಎಂದು ನನಗೆ ಕಲಿಸಿದವರೇ ನಿಮ್ಮ ಅಪ್ಪ. ಎರಡನೇ ಸಲ ಬಲಕ್ಕೆ ಬಿತ್ತು. ಹೊರಗೆ ಕಟ್ಟೆಯ ಮೇಲಿದ್ದ ರಾಜಪ್ಪನಿಗೆ, “ತಾಯಿ ಹೂಂ ಅಂದಾಳ, ಕಟ್ಟೋ ರಾಜಪ್ಪ” ಎಂದಿರಿ. ಎಮ್ಮೆ ಮಾರಿ ಬಂದದ್ದನ್ನೆಲ್ಲ ಅವನು ಕಟ್ಟಿದ. ನೀಲಿಯವನು ಗೆದ್ದ. ಮರುದಿನ ನೀವು ಬಸ್ ಹತ್ತಿದಿರಿ.

ಮಂಗಳವಾರ ಹಿರಿಯರು ಗುಡಿಯ ಮುಂದೆ ಕೂಡುತ್ತಾರೆ. ತಾಯಿಯಲ್ಲಿ ಸತ್ಯ ಉಳಿದಿಲ್ಲ, ಗುಡಿಗೆ ಕೀಲಿ ಹಾಕೋಣ ಎನ್ನುವವರಿದ್ದಾರೆ. ಬಂದು ಹೇಳಿ, ತಾಯಿ ಬೇಡ ಅಂದಿದ್ದಳು, ನಾನೇ ಕೇಳಲಿಲ್ಲ ಎಂದು. ಪೂಜೆ ಬೇರೆ ಮನೆಗೆ ಹೋಗುತ್ತದೆ, ಗೊತ್ತು. ಹೋಗಲಿ, ಕಬ್ಬಿನ ಕಳೆ ತೆಗೆಯಲು ಹೋದರಾಯಿತು. ನಾನೇ ಹೇಳಬಹುದು. ಆದರೆ ಎಸಳು ಎತ್ತಿದ ಕೈ ನಿಮ್ಮದು. ಹೆಂಡತಿ ಊರ ಮುಂದೆ ಗಂಡನ ತಪ್ಪು ಆಡಿದರೆ ಆಮೇಲೆ ನೀವು ಈ ಹೊಸ್ತಿಲು ತುಳಿಯಲಿಕ್ಕಿಲ್ಲ. ಅದು ನನಗೆ ಬೇಡ.

ಬಾಗಿಲಿಗೆ ಅಗಳಿ ಹಾಕದೆ ಮಲಗುವ,
ಕಸ್ತೂರಿ

ತಾ.ಕ.: ಪತ್ರ ಮಡಿಚುವ ಮೊದಲು, ನೀವು ಬರುತ್ತೀರೋ ಎಂದು ತಾಯಿಗೆ ಹೂವಿಟ್ಟು ಕೇಳಿದೆ. ಎಡಕ್ಕೆ ಬಿತ್ತು. ಎತ್ತಿ ಮತ್ತೆ ಇಡಲಿಲ್ಲ. ಮಂಗಳವಾರ ಹಿರಿಯರ ಮುಂದೆ ನಿಲ್ಲಲು ಇಳಕಲ್ಲ ಸೀರೆ ಒಗೆದು ಹಾಕಿದ್ದೇನೆ.