ಅತ್ತೆಯ ಕೋಣೆಯ ಮೈಕು

ತಾ. ೧೪, ಸೋಮವಾರ

ಸ್ಟೂಲು ಇನ್ನೂ ಅತ್ತೆಯ ಕೋಣೆಯಲ್ಲೇ ಇದೆ. ಒಳಗೆ ಹೋಗಿ ತರಲು ನನಗೆ ಮುಖವಿಲ್ಲ.

ಅತ್ತೆ ಜಾರಿ ಬಿದ್ದ ಮೇಲೆ ಹಾಕಿಸಿದ ಕ್ಯಾಮೆರಾದಲ್ಲಿ ಚಿತ್ರ ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಅವರೂ ಆಯಾಳೂ ನಗುವುದನ್ನು ಆಫೀಸಿನಲ್ಲಿ ಫೋನಿನಲ್ಲಿ ನೋಡಿ ನೋಡಿ, ನನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ತೀರ್ಮಾನಿಸಿಬಿಟ್ಟಿದ್ದೆ. ಗೋಡೆಗೂ ಕಿವಿ ಇರುತ್ತದಂತೆ. ನಮ್ಮ ಗೋಡೆಗೆ ಇರಲಿಲ್ಲ. ನಿನ್ನೆ ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನೇ ಒಂದು ಮೈಕು ತಂದು ಸಿಕ್ಕಿಸಿದೆ.

ಇಂದು ಊಟದ ಡಬ್ಬಿ ಹಿಡಿದು ಆಫೀಸಿನ ಮೆಟ್ಟಿಲ ಮೇಲೆ ಕೂತು ಕೇಳಿದೆ. ಆಯಾ ನನ್ನ ಅಡುಗೆಯ ಬಗ್ಗೆ ಏನೋ ಶುರು ಮಾಡಿದಳು.

"ಹಾಗನ್ಬೇಡ ಕಣೆ," ಅಂದರು ಅತ್ತೆ. "ಅವಳಿಗೆ ಕೇಳ್ಸುತ್ತೆ, ನೊಂದ್ಕೊಳ್ತಾಳೆ. ನಿನ್ನೆ ಮೈಕ್ ಹಾಕಿದಾಳೆ."

"ನಿಮಗೆ ಹೇಳಿದ್ರಾ?"

"ಎಲ್ಲಿ ಹೇಳ್ತಾಳೆ? ಅರೆಗಣ್ಣಲ್ಲಿ ನೋಡ್ತಾನೇ ಇದ್ದೆ. ಆ ಕುಂಟು ಸ್ಟೂಲ್ ಮೇಲೆ ತುದಿಗಾಲಲ್ಲಿ ನಿಂತಿದ್ಲು. ಮಾತಾಡಿಸಿದ್ರೆ ಬೆಚ್ಚಿ ಬೀಳ್ತಾಳೆ ಅಂತ ಉಸಿರು ಬಿಗಿಹಿಡ್ಕೊಂಡಿದ್ದೆ."

ಡಬ್ಬಿಯ ಮುಚ್ಚಳ ಹಾಕಿದೆ.

ಆ ಮೈಕು ತೆಗೆಯಲೇಬೇಕು. ಆದರೆ ಅದಕ್ಕೂ ಅದೇ ಸ್ಟೂಲು ಹತ್ತಬೇಕು. ಅತ್ತೆ ಮತ್ತೆ ನಿದ್ದೆ ಬಂದವರ ಹಾಗೆ ಮಲಗಿರುತ್ತಾರೆ. ನಾನು ಕೆಳಗಿಳಿಯುವವರೆಗೆ ಅವರು ಉಸಿರಾಡುವುದಿಲ್ಲ.